ಪೊರಕೆ ಕೋಲಿನ ಮೇಲೆ ತಿರುಗಿದ ಚಕ್ರ

ಚಕ್ರ ಕೊಳ್ಳಲು ಬರುವ ಬೇರೆಯವರು ತಕ್ಕಡಿ ತರುತ್ತಿದ್ದರು. ಮಿಸ್ ವರ್ನೆಲ್ ಪೊರಕೆಯ ಕೋಲು ತರುತ್ತಿದ್ದರು.

ರೇಸಿನ ಕಾಲ ಶುರುವಾಗುವ ಮುಂಚೆ, ಮಾರ್ಚ್ ತಿಂಗಳ ಒಂದು ಶನಿವಾರ, ನಮ್ಮ ಕಣಿವೆಯ ಡ್ರ್ಯಾಗ್ ಸ್ಟ್ರಿಪ್ಪಿನ, ಅಂದರೆ ಕಾರುಗಳ ನೇರ ಓಟದ ದಾರಿಯ ಪಕ್ಕದ ಹುಲ್ಲುಗಾವಲಿನಲ್ಲಿ ಹಳೆಯ ಬಿಡಿಭಾಗಗಳ ಸಂತೆ ಸೇರುತ್ತದೆ. ಪಿಕಪ್ ಗಾಡಿಗಳ ಹಿಂಬಾಗಿಲು ಇಳಿಸಿ ಜನ ಅದರ ಮೇಲೆ ಸರಕು ಹರವಿಕೊಂಡು ಕೂತಿರುತ್ತಾರೆ. ಆ ಸಾಲಿನಲ್ಲಿ ಮಿಸ್ ವರ್ನೆಲ್ ನಿಧಾನವಾಗಿ ನಡೆದು ಬಂದು, ಮೆಚ್ಚಿಗೆಯಾದ ಚಕ್ರದ ನಡುವಿನ ತೂತಿಗೆ ಕೋಲು ಸೇರಿಸಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿಯುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ಒಂದೇ ಬೆರಳಿನಿಂದ ಚಕ್ರವನ್ನು ತಿರುಗಿಸಿ, ಅದೇ ಬೆರಳಿನಿಂದ ನಿಲ್ಲಿಸುತ್ತಿದ್ದರು. ಮತ್ತೆ ತಿರುಗಿಸುತ್ತಿದ್ದರು. ಮತ್ತೆ ನಿಲ್ಲಿಸುತ್ತಿದ್ದರು.

"ತೂಕ ತಕ್ಕಡಿ ಹೇಳುತ್ತೆ ವೆಂಡೆಲ್," ಅಂದಿದ್ದರು ಒಮ್ಮೆ ನನಗೆ. "ಹಠ ಹೇಳಲ್ಲ."

ಒಂದೇ ತೂಕದ ಎರಡು ಚಕ್ರಗಳಲ್ಲಿ ಒಂದು ಬೇಗ ಹೊರಡುತ್ತದೆ, ಇನ್ನೊಂದು ಸತಾಯಿಸುತ್ತದೆ. ಭಾರವೆಲ್ಲ ನಡುವಿನಲ್ಲಿದ್ದರೆ ಚಕ್ರ ಮಾತು ಕೇಳುತ್ತದೆ, ಅಂಚಿನಲ್ಲಿದ್ದರೆ ಕೇಳುವುದಿಲ್ಲ. ಇದನ್ನು ಅವರು ಯಾವ ಗ್ಯಾರೇಜಿನಲ್ಲೂ ಕಲಿತದ್ದಲ್ಲ. ಮೂವತ್ತೊಂದು ವರ್ಷ ನಮ್ಮ ಕೌಂಟಿಯ ಶಾಲೆಯಲ್ಲಿ ಮಕ್ಕಳ ಊಟದ ಅಡುಗೆ ಮಾಡಿದವರು ಅವರು. ಅಲ್ಲಿ ಹಿಟ್ಟು ಕಲಸುವ ದೊಡ್ಡ ಯಂತ್ರವೊಂದಿತ್ತು. ಹಿಟ್ಟು ನಡುವಿನಲ್ಲಿ ಕೂತಿದ್ದರೆ ಯಂತ್ರ ಗುನುಗುತ್ತಿತ್ತಂತೆ, ಪಾತ್ರೆಯ ಗೋಡೆಗೆ ಏರಿದರೆ ನರಳುತ್ತಿತ್ತಂತೆ. ಆ ನರಳಿಕೆ ಅವರ ಅಂಗೈಗೆ ಇಳಿದು ಅಲ್ಲೇ ಉಳಿದುಬಿಟ್ಟಿತ್ತು. ಕೋಲಿನ ಈ ತುದಿಯಲ್ಲಿ ಎಷ್ಟೋ ಸಲ ಕಣ್ಣು ಮುಚ್ಚಿ ನಿಂತಿದ್ದೇನೆ. ನನಗೆ ಗೊತ್ತಾದದ್ದು ನನ್ನ ಕೈ ನೋಯುತ್ತಿದೆ ಎಂಬುದಷ್ಟೇ.

ಸ್ಟ್ರಿಪ್ಪಿನಲ್ಲಿ ಕಾರುಗಳನ್ನು ತಪಾಸಣೆ ಮಾಡಿ ಒಳಗೆ ಬಿಡುವುದು ನನ್ನ ಕೆಲಸ. ಟೆನೆಸಿಯ ಈ ಮೂಲೆಯಲ್ಲಿ ರೇಸಿನ ದಾರಿ ಕಾಲು ಮೈಲಿಯಲ್ಲ, ಅದರ ಅರ್ಧ. ಆರುನೂರ ಅರವತ್ತು ಅಡಿ, ನೇರ. ಹಸಿರು ದೀಪ ಹತ್ತಿದ ಮೇಲೆ ಒಂದು ದೀರ್ಘ ಉಸಿರಿನಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯುತ್ತದೆ. ಮಿಸ್ ವರ್ನೆಲ್ ನಲವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಈ ದಾರಿಯ ತುದಿಯಲ್ಲಿ ನಿಂತವರು. ಆಗ ಅವರ ಹಳೆಯ ಷೆವರ್ಲೆ ಒಂಬತ್ತು ಸೆಕೆಂಡು ತೆಗೆದುಕೊಂಡಿತ್ತು. ಇಪ್ಪತ್ತೆಂಟು ವರ್ಷಗಳಲ್ಲಿ ಅದನ್ನು ಸ್ವಲ್ಪಸ್ವಲ್ಪವೇ ಕೆತ್ತಿ, ಆರು ಸೆಕೆಂಡಿನ ಮೇಲೆ ನೂರರಲ್ಲಿ ಮೂರು ಪಾಲಿಗೆ ತಂದು ನಿಲ್ಲಿಸಿದ್ದರು. ಅಲ್ಲಿಂದ ಕೆಳಗೆ ಅದು ಇಳಿಯುತ್ತಿರಲಿಲ್ಲ.

ಆರರ ಒಳಗೆ ಒಂದೇ ಒಂದು ಸಲ. ಅವರಿಗೆ ಬೇಕಿದ್ದದ್ದು ಅಷ್ಟೇ. ಕಾಲವೂ ಉಳಿದಿರಲಿಲ್ಲ. ಅಷ್ಟು ವೇಗದ ಕಾರು ಓಡಿಸಲು ವೈದ್ಯರ ಸಹಿ ಬೇಕು. ಅವರ ಎಡಗಣ್ಣಿನ ನಡುವೆ ಮಸುಕು ಕೂತಿತ್ತು. ಈ ವರ್ಷಕ್ಕೆ ಸಹಿ ಹಾಕಿದ ಡಾಕ್ಟರು, ಮುಂದಿನ ಸಲ ತಮ್ಮ ಹತ್ತಿರ ಈ ಕಾಗದ ತರಬೇಡಿ ಎಂದು ನಯವಾಗಿ ಹೇಳಿದ್ದರು.

ಕಾರಿನಲ್ಲಿ ಕಳೆಯಬಹುದಾದ ಭಾರವೆಲ್ಲ ಆಗಲೇ ಹೋಗಿತ್ತು. ಪಕ್ಕದ ಸೀಟು, ಹೀಟರು, ಕಿಟಕಿ ಇಳಿಸುವ ಹಿಡಿ, ಒಂದೂ ಇರಲಿಲ್ಲ. ಪೆಡಲುಗಳಿಗೆ ಜರಡಿಯ ಹಾಗೆ ತೂತು ಕೊರೆದಿದ್ದರು. ಆ ವಸಂತದಲ್ಲಿ ಸೊಂಟದವರೆಗಿದ್ದ ಜಡೆಯನ್ನೂ ಕತ್ತರಿಸಿಕೊಂಡು ಬಂದರು. ಹೆಲ್ಮೆಟ್ ಒಳಗೆ ಸೆಕೆ ಅಂದರು, ಯಾರೂ ನಂಬಲಿಲ್ಲ. ಪಕ್ಕದ ಜಾಗದಲ್ಲಿ ಕೆಂಪು ಕಾರು ನಿಲ್ಲಿಸುವ ಪ್ಲಂಬರ್ ಡಾಯ್ಲ್ ರಿಗ್ಸ್‌ಬಿ, ಒಂದು ಕೈಯಲ್ಲಿ ತಿನ್ನುತ್ತಿದ್ದ ಚಿಲ್ಲಿ ಡಾಗ್ ಬನ್ನು ಹಿಡಿದುಕೊಂಡೇ ಕೇಳಿದ, "ಜಡೆ ಎಷ್ಟು ತೂಗಿತು ಮಿಸ್ ವರ್ನೆಲ್?"

"ನಿನ್ನ ಮಿದುಳಿಗಿಂತ ಜಾಸ್ತಿ ಕಣೋ," ಅಂದರು ಅವರು. "ನೀನು ಬಾನೆಟ್ಟಿಗೆ ತೂತು ಕೊರೆದು ಮೂರು ಪೌಂಡು ಇಳಿಸ್ತೀಯ, ಮಧ್ಯಾಹ್ನ ಐದು ಪೌಂಡು ತಿಂತೀಯ."

ಡಾಯ್ಲ್ ನಕ್ಕ. ಅವನೂ ಇಲ್ಲಿನ ಅರ್ಧ ಜನರ ಹಾಗೆ, ಚಿಕ್ಕವನಿದ್ದಾಗ ಅವರ ಕೈಯಲ್ಲಿ ತಟ್ಟೆ ತುಂಬಿಸಿಕೊಂಡವನು. ಅದಕ್ಕೇ ಐವತ್ತಾದವರೂ ಅವರನ್ನು ಮಿಸ್ ವರ್ನೆಲ್ ಎನ್ನುತ್ತಾರೆ.

ಉಳಿದದ್ದು ಚಕ್ರಗಳು ಮಾತ್ರ. ಮುಂದಿನ ಎರಡನ್ನು ಮಾರ್ಚಿನ ಸಂತೆಯಲ್ಲೇ ಆರಿಸಿದರು. ಸೈಕಲ್ಲಿನ ಚಕ್ರವನ್ನು ನೆನಪಿಸುವಷ್ಟು ಸಪೂರ, ಕೋಲಿನ ಮೇಲೆ ಉಸಿರು ತಾಗಿದರೆ ತಿರುಗುವಂಥವು. ಕಷ್ಟ ಬಂದದ್ದು ಹಿಂದಿನ ಜೋಡಿಗೆ. ಇಂಜಿನ್ನಿನ ಬಲವೆಲ್ಲ ನೆಲ ಮುಟ್ಟುವುದು ಅವುಗಳ ಮೂಲಕ. ಡಾಯ್ಲ್ ಹತ್ತಿರ ಮಾರಲು ಎರಡು ಜೋಡಿ ಇದ್ದವು, ಅಳತೆ ಒಂದೇ. ಒಂದು ಜೋಡಿಗೆ ಬೀಡ್‌ಲಾಕ್ ಇತ್ತು, ಅಂದರೆ ಟೈರಿನ ಅಂಚನ್ನು ಬೋಲ್ಟು ಹಾಕಿ ಚಕ್ರಕ್ಕೆ ಅದುಮಿ ಹಿಡಿಯುವ ದಪ್ಪ ಬಳೆ. ಇನ್ನೊಂದಕ್ಕೆ ಬಳೆ ಇರಲಿಲ್ಲ. ಎರಡು ಬಳೆ ಸೇರಿ ಒಂಬತ್ತು ಪೌಂಡು, ಅದೂ ಅಂಚಿನಲ್ಲೇ.

ಅವರು ಎರಡನ್ನೂ ತುಂಬ ಹೊತ್ತು ತಿರುಗಿಸಿದರು. ಬಳೆಯಿದ್ದದ್ದು ಸತಾಯಿಸುತ್ತದೆ ಅಂದರು, ಆದರೆ ಕೆಳಗಿಡಲಿಲ್ಲ. ಆಗ ನಾನು ಬಾಯಿ ಹಾಕಿದೆ. ಈ ವೇಗಕ್ಕೆ ಬಳೆ ಬೇಕೇ ಬೇಕು ಎಂದು ನಮ್ಮ ನಿಯಮ ಹೇಳುವುದಿಲ್ಲ, ನೂರರಲ್ಲಿ ಮೂರು ಪಾಲಿಗಾಗಿ ಜಡೆ ಕೊಟ್ಟವರು ಈ ಒಂಬತ್ತು ಪೌಂಡು ಯಾಕೆ ಹೊರಬೇಕು ಅಂದೆ. ಅವರು ನನ್ನ ಮುಖ ನೋಡಿ, ಬಳೆಯಿಲ್ಲದ್ದನ್ನು ಎತ್ತಿಕೊಂಡರು. ಹಗುರ ಎಂಬ ಒಂದು ಪದ ನಮ್ಮ ಕಣ್ಣಿಗೆ ಹೇಗೆ ಕಟ್ಟಿಕೊಳ್ಳುತ್ತದೆಂದರೆ, ಉಳಿದದ್ದು ಕಾಣಿಸುವುದೇ ಇಲ್ಲ.

ಬೇಸಿಗೆಯ ಸೆಕೆಯಲ್ಲಿ ಯಾವ ಇಂಜಿನ್ನೂ ಪೂರ್ತಿ ಬಲ ಕೊಡುವುದಿಲ್ಲ. ಹೊಸ ಚಕ್ರಗಳನ್ನು ಅವರು ತಣ್ಣನೆಯ ಗಾಳಿಗಾಗಿ ಎತ್ತಿಟ್ಟರು. ಅಕ್ಟೋಬರಿನ ಕೊನೆಯ ಶನಿವಾರ, ಆ ವರ್ಷದ ಕಡೆಯ ದಿನ, ಬೆಳಿಗ್ಗೆ ಕಾರು ತಪಾಸಣೆಗೆ ಬಂತು. ಹಿಂದಿನ ಎರಡೂ ಚಕ್ರಗಳಲ್ಲಿ, ಟೈರಿನಿಂದ ರಿಮ್ಮಿನವರೆಗೆ ಬಿಳಿ ಶೂ ಪಾಲಿಶಿನ ಒಂದೊಂದು ನೇರ ಗೆರೆ ಎಳೆದಿತ್ತು. ಟೈರು ರಿಮ್ಮಿನ ಮೇಲೆ ಜಾರಿದರೆ ಗೆರೆ ಮುರಿಯುತ್ತದೆ. ಇಲ್ಲಿ ಬಹಳ ಜನ ಹಾಗೆ ಗೆರೆ ಎಳೆಯುತ್ತಾರೆ, ಆಮೇಲೆ ನೋಡುವುದನ್ನು ಮರೆಯುತ್ತಾರೆ.

ಮೊದಲ ಓಟದಲ್ಲಿ ಬೋರ್ಡಿನ ಮೇಲೆ ಬಂದದ್ದು ಆರು, ಸೊನ್ನೆ, ಸೊನ್ನೆ. ಜನ ಬೆಂಚುಗಳಿಂದ ಎದ್ದು ನಿಂತರು. ಸಮಯದ ಚೀಟಿ ನೋಡಿದರೆ, ಆರಕ್ಕಿಂತ ಸಾವಿರದಲ್ಲಿ ಮೂರು ಪಾಲು ಮಾತ್ರ ಹೆಚ್ಚಾಗಿತ್ತು. ವಾಪಸು ಬಂದ ಮಿಸ್ ವರ್ನೆಲ್ ಯಾರ ಕೈಯನ್ನೂ ಕುಲುಕಲಿಲ್ಲ. ಕೊನೆಯ ನೂರು ಅಡಿಯಲ್ಲಿ ಕಾರು ನಡುಗಿತು, ಹಲ್ಲು ಕಟಕಟ ಅಂದಿತು, ಬೇಡವೆಂದರೂ ಕಾಲು ಪೆಡಲಿನಿಂದ ಎದ್ದಿತು ಎಂದು ಹೇಳಿದರು. ನಾನು ಚಕ್ರದ ಹತ್ತಿರ ಕೂತೆ. ಟೈರಿನ ಮೇಲಿನ ಗೆರೆ ರಿಮ್ಮಿನ ಮೇಲಿನ ಗೆರೆಯನ್ನು ಬಿಟ್ಟು ನಾಲ್ಕು ಬೆರಳು ಆಚೆ ಹೋಗಿತ್ತು. ಹಿಡಿತವಿಲ್ಲದ ಟೈರು ಹೊರಡುವ ಏಟಿಗೇ ಜಾರಿ, ಸಮತೂಕ ತಪ್ಪಿ, ಕಾರನ್ನೆಲ್ಲ ಅಲುಗಿಸಿತ್ತು.

ಬಳೆ ಬೇಡವೆಂದವನು ನಾನು. ಅದನ್ನೇ ಹೇಳಿದೆ.

"ಬೆರಳು ನನ್ನದು ಕಣೋ," ಅಂದರು ಅವರು. "ಅದು ಹೇಳಿತ್ತು. ನಾನು ಕೇಳಿಸ್ಕೊಳ್ಳಲಿಲ್ಲ."

ಡಾಯ್ಲ್ ಮಧ್ಯಾಹ್ನದ ಹೊತ್ತಿಗೆ ಎರಡನೆಯ ಸುತ್ತಿನಲ್ಲಿ ಸೋತು ಕೂತಿದ್ದ. ಅವನು ಬಂದು ಮುರಿದ ಗೆರೆಯನ್ನು ನೋಡಿದ. ಹೋಗಿ ತನ್ನ ಕೆಂಪು ಕಾರಿಗೆ ಜಾಕ್ ಕೊಟ್ಟ. ಬಳೆಯಿದ್ದ ಆ ಎರಡು ಚಕ್ರಗಳು ಈಗ ಅದರಲ್ಲಿದ್ದವು. ಅವನ್ನು ಬಿಚ್ಚಿ, ಟೈರಿನ ಸಮೇತ ಉರುಳಿಸಿಕೊಂಡು ಬಂದ. "ಒಂಬತ್ತು ಪೌಂಡು ಜಾಸ್ತಿ ಇದೆ ಮಿಸ್ ವರ್ನೆಲ್. ಬೇಕಾದ್ರೆ ನಿಮ್ಮ ಕೋಟು ನಾನು ಹಿಡ್ಕೊಂಡಿರ್ತೀನಿ."

ಅವರು ನಗಲಿಲ್ಲ. ಗಾಡಿಯಿಂದ ಕೋಲು ತರಿಸಿದರು. ಟೈರು ಸೇರಿದ ಆ ಭಾರವನ್ನು ನಾನೂ ಡಾಯ್ಲೂ ಎರಡು ಕಡೆ ಹೆಗಲು ಕೊಟ್ಟು ಎತ್ತಿದೆವು, ಅವರು ಕಣ್ಣು ಮುಚ್ಚಿ ಬೆರಳಿಟ್ಟರು. ಚಕ್ರ ತಡವಾಗಿ ಹೊರಟಿತು. ಆದರೆ ಹೊರಟ ಮೇಲೆ, ಟೈರು, ರಿಮ್ಮು, ಬಳೆ, ಎಲ್ಲ ಒಂದೇ ಜೀವದ ಹಾಗೆ ಸುತ್ತಿತು. ಅವರ ಬೆರಳ ತುದಿ ಅದರ ಮೇಲೆ ನಿಂತೇ ಇತ್ತು. ಸುತ್ತಲಿನ ಗದ್ದಲದಲ್ಲಿ ನನಗೆ ಆ ಬೆರಳು ಮಾತ್ರ ಕಾಣುತ್ತಿತ್ತು.

"ಹಠ ಇದೆ," ಅಂದರು ಕೊನೆಗೆ. "ಆದ್ರೆ ಕೊಟ್ಟ ಮಾತಿಗೆ ತಪ್ಪಲ್ಲ. ಹಾಕು."

ಐದು ಗಂಟೆಗೆ ಗೇಟು ಮುಚ್ಚುವ ಮೊದಲು ಒಂದೇ ಓಟಕ್ಕೆ ಜಾಗವಿತ್ತು. ಸೂರ್ಯ ಪಶ್ಚಿಮದ ಬೆಟ್ಟದ ಹಿಂದೆ ಸರಿದು, ಗಾಳಿ ತಣ್ಣಗಾಗಿತ್ತು, ದಾರಿ ಮಾತ್ರ ದಿನದ ಬಿಸಿಯನ್ನು ಇನ್ನೂ ಹಿಡಿದುಕೊಂಡಿತ್ತು. ಬಳೆಯಿದ್ದ ಚಕ್ರಗಳಿಗೆ ಮಿಸ್ ವರ್ನೆಲ್ ತಾವೇ ಮೊಣಕಾಲೂರಿ ಹೊಸ ಗೆರೆ ಎಳೆದರು. ನೆಲಕ್ಕೆ ಚೆನ್ನಾಗಿ ಅಂಟಲೆಂದು, ನೀರು ಚೆಲ್ಲಿದ ಜಾಗದಲ್ಲಿ ಕಾರು ನಿಂತಂತೆಯೇ ಟೈರು ಸುತ್ತಿಸಿ, ಹೊಗೆ ಏಳುವವರೆಗೆ ಕಾಯಿಸಿದರು. ಆ ಹೊಗೆಯೊಳಗಿಂದ ಕಾರು ನಿಧಾನವಾಗಿ ಮುಂದೆ ಬಂದು ನಿಂತಿತು. ನಾನು ಹಿಂದಿನ ಚಕ್ರಕ್ಕೆ ಹತ್ತಡಿ ದೂರದಲ್ಲಿದ್ದೆ.

ಹಸಿರು ದೀಪ ಹತ್ತುವ ಆ ಕ್ಷಣವನ್ನು ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ, ಆದರೂ ಹೀಗೆ ನೋಡಿರಲಿಲ್ಲ. ಟೈರಿನ ಗೋಡೆ ಮುದುಕಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿತು. ಮುಂದಿನ ಸಪೂರ ಚಕ್ರಗಳೆರಡೂ ನೆಲ ಬಿಟ್ಟು ಗಾಳಿಯಲ್ಲಿ ಸುಮ್ಮನೆ ತಿರುಗಿದವು, ಕೋಲಿನ ಮೇಲೆ ತಿರುಗಿದ ಹಾಗೆಯೇ. ಆಮೇಲೆ ಸದ್ದು ಎದೆಗೆ ಬಡಿಯಿತು, ಕಾರು ಬೆಟ್ಟದ ನೆರಳಿನೊಳಗೆ ಹೋಗಿತ್ತು. ತುದಿಯವರೆಗೂ ಆ ಸದ್ದು ಒಂದೇ ಸಮನಾಗಿತ್ತು. ಎಲ್ಲೂ ಕಾಲು ಎದ್ದಿರಲಿಲ್ಲ.

ವಾಪಸು ದಾರಿಯಲ್ಲಿ ಸಮಯದ ಚೀಟಿ ಹಿಡಿದು ಡಾಯ್ಲ್ ಓಡುತ್ತಿದ್ದ, ನಾನು ಅವನ ಹಿಂದಿದ್ದೆ. ಕಾರು ನಿಂತಿತು. ಮಿಸ್ ವರ್ನೆಲ್ ಹೆಲ್ಮೆಟ್ ತೆಗೆದು ಇಳಿದರು. ಡಾಯ್ಲ್ ಚೀಟಿ ಚಾಚಿದ. ಅದರಲ್ಲಿ ಐದು ಇತ್ತು, ಅದರ ಮುಂದೆ ತೊಂಬತ್ತೆಂಟು ಇತ್ತು. ಅವರು ಕೈ ಎತ್ತಿ ಅವನನ್ನು ತಡೆದರು.

"ಸ್ವಲ್ಪ ಇರು."

ಒಂದು ಕೈಯಿಂದ ಬಾಗಿಲು ಹಿಡಿದುಕೊಂಡು, ಕಷ್ಟಪಟ್ಟು ಬಗ್ಗಿ, ಹಿಂದಿನ ಚಕ್ರದ ಮುಂದೆ ಕೂತರು. ಮಸುಕಿನ ಕಣ್ಣನ್ನು ಮುಚ್ಚಿ, ಒಳ್ಳೆಯ ಕಣ್ಣನ್ನು ಹತ್ತಿರ ತಂದರು. ಟೈರಿನಿಂದ ರಿಮ್ಮಿಗೆ, ಬಳೆಯನ್ನು ದಾಟಿ, ಬಿಳಿ ಗೆರೆ ಒಂದೇ ಗೆರೆಯಾಗಿ ಇಳಿದಿತ್ತು. ಅವರು ಅದರ ಮೇಲೆ, ಮೇಲಿನಿಂದ ಕೆಳಗಿನವರೆಗೆ, ಬೆರಳು ಎಳೆದರು. ಟೈರು ಇನ್ನೂ ಸುಡುತ್ತಿತ್ತು. ಅವರು ಬೆರಳು ತೆಗೆಯಲಿಲ್ಲ.

ಆಮೇಲೆ ಕೈ ಚಾಚಿ ಚೀಟಿ ಕೇಳಿದರು.