ಪಾರಿವಾಳದ ರಕ್ತ ತಿಕ್ಕಿದ ಕೈ

ಮಧುಗಿರಿ ಸುತ್ತಮುತ್ತ ಲಕ್ವ ಹೊಡೆದವರ ಮನೆಗೆ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸೋದು ನನ್ನ ಕೆಲಸ. ಒಂದು ದಿನ ರಂಗಪ್ಪನವರ ಮನೆಗೆ ಹೋದರೆ ಅವರ ಲಕ್ವ ಹೊಡೆದ ಬಲಗೈ ಮೊಣಕೈವರೆಗೂ ಕೆಂಪಗಿತ್ತು. ಬಿದ್ದು ಗಾಯ ಮಾಡಿಕೊಂಡಿದ್ದಾರೆ ಅಂದುಕೊಂಡು ಗಾಬರಿಯಾದೆ.

"ಪಾರಿವಾಳದ ರಕ್ತ ಕಣಪ್ಪ. ತಿಕ್ಕಿದ್ರೆ ನರಕ್ಕೆ ಬಿಸಿ ಏರ್ತದಂತೆ" ಅಂದರು ಅವರ ಹೆಂಡತಿ ಗೌರಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. "ಇಂಥದ್ದೆಲ್ಲ ಮಾಡೋದಾದ್ರೆ ನಾನ್ಯಾಕೆ ಬರಬೇಕು? ಪಾರಿವಾಳನೇ ವಾಸಿ ಮಾಡ್ಲಿ ಬಿಡಿ" ಅಂದುಬಿಟ್ಟೆ, ಅಕ್ಕಪಕ್ಕದ ಮನೆಯವರಿಗೂ ಕೇಳುವ ಹಾಗೆ. ಗೌರಮ್ಮ ತಲೆ ತಗ್ಗಿಸಿ, ಒದ್ದೆ ಬಟ್ಟೆ ತಂದು ಗಂಡನ ಕೈ ಒರೆಸಿದರು.

ಮುಂದಿನ ವಾರ ಫೋನ್ ಮಾಡಿದರೆ "ಇನ್ನು ಬರೋದು ಬ್ಯಾಡ ಬುಡಪ್ಪ" ಅಂದರು ಗೌರಮ್ಮ. ನಾನೂ ಹಟಕ್ಕೆ ಬಿದ್ದು ಆ ಕಡೆ ತಲೆ ಹಾಕಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಸಿಕ್ಕರು. ರಂಗಪ್ಪನವರ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡು ಬಿಗಿದುಹೋಗಿದ್ದವು. ಬಿಡಿಸಲು ನೋಡಿದೆ. ನೋವಿಗೆ ಕೈ ಎಳೆದುಕೊಂಡರು.

"ನೀನು ಬೈದ್ಯಲ್ಲ, ಅವತ್ತೇ ತಿಕ್ಕೋದು ಬುಟ್ಬುಟ್ಟೆ ಕಣಪ್ಪ" ಅಂದರು ಗೌರಮ್ಮ. "ಅಲ್ಲೀಗಂಟ ಬೆಳಿಗ್ಗೆ ಸಾಯಂಕಾಲ ಒಂದೊಂದೇ ಬೆರಳು ಬುಡಿಸಿ ಬುಡಿಸಿ ತಿಕ್ತಿದ್ದೆ."

ನಾನು ಮಾಡಿಸುವ ವ್ಯಾಯಾಮವೂ ಅದೇ. ಅದನ್ನು ನಾನು ವಾರಕ್ಕೊಮ್ಮೆ ಮಾಡಿಸುತ್ತಿದ್ದೆ, ಆಕೆ ದಿನಕ್ಕೆರಡು ಸಲ.

ಈಗ ಯಾರ ಮನೆಗೆ ಹೋದರೂ, ಏನು ತಿಕ್ಕುತ್ತೀರಿ ಎಂದು ಕೇಳಿ, ಹೆಂಗೆ ತಿಕ್ಕುತ್ತೀರಿ ತೋರಿಸಿ ಅನ್ನುತ್ತೇನೆ. ಪಾರಿವಾಳಗಳ ಮುಖ ನೋಡಿ, ಬ್ಯಾಗಿನಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆಯನ್ನೂ ಇಟ್ಟುಕೊಂಡಿರುತ್ತೇನೆ.