ಗದಿಗೆಮ್ಮ ಹಿಡಿದ ಏಣಿ

ಕೂಕಟ್‌ಪಲ್ಲಿಯ ನಮ್ಮ ವಠಾರದಲ್ಲಿ ಗದಿಗೆಮ್ಮನ ಕೆಲಸ ಏನೆಂದು ಕೇಳಿದರೆ ಯಾರೂ ನೆಟ್ಟಗೆ ಹೇಳುತ್ತಿರಲಿಲ್ಲ. ಗಂಡ ಅಮರೇಶಪ್ಪ ಬೋರ್ಡು ಬರೆಯುವವನು ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಲಿಂಗಸುಗೂರಿನ ಕಡೆಯ ಈ ಜೋಡಿ, ಅಮೀರ್‌ಪೇಟೆಯಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟುತ್ತಿದ್ದ ಕಾಲದಲ್ಲಿ ಒಂದು ದಿನವೂ ಖಾಲಿ ಕೂತಿರಲಿಲ್ಲ. ಅವನು ಬಿದಿರೇಣಿ ಏರಿ, ತನಗೆ ಅರ್ಥವಾಗದ ಕೋರ್ಸುಗಳ ಹೆಸರನ್ನು ಮುತ್ತು ಪೋಣಿಸಿದ ಹಾಗೆ ಬರೆಯುವನು. ಇವಳು ಕೆಳಗೆ ಏಣಿ ಹಿಡಿಯುವಳು.

ಹಿಡಿಯುವುದೆಂದರೆ ಸುಮ್ಮನೆ ಕೈ ಇಡುವುದಲ್ಲ. ಈ ಊರಿನ ನೆಲ ಎಲ್ಲಿ ನೋಡಿದರೂ ಕಲ್ಲುಮಣ್ಣು, ಇಳಿಜಾರು. ಏಣಿಯ ತಗ್ಗಿನ ಕಾಲಿಗೆ ಇಟ್ಟಿಗೆ ಕೊಡಲು ಅವಳು ಬಿಡುತ್ತಿರಲಿಲ್ಲ. ಎತ್ತರದ ಕಾಲಿನ ಕೆಳಗೆ ಹಾರೆಯಿಂದ ಕೆದರಿ ಎರಡನ್ನೂ ಸಮ ಮಾಡುವಳು. ಏಣಿಯ ಅಡಿಗೆ ಒದ್ದೆ ಗೋಣಿತಾಟು ಹಾಸಿ, ಕೆಳಗಿನ ಅಡ್ಡಗೋಲಿನ ಮೇಲೆ ತನ್ನ ಕಾಲು ಊರಿ ನಿಲ್ಲುವಳು. ಅಮರೇಶಪ್ಪನಿಗೆ ಮೇಲಿನಿಂದ ಕೆಳಗೆ ನೋಡಿದರೆ ತಲೆ ತಿರುಗುತ್ತಿತ್ತು. ಹಾಗಾಗಿ ದೂರಕ್ಕೆ ಕೈ ಚಾಚುವ ಮುಂಚೆ "ಹಿಡದೀಯೇನ?" ಎಂದು ಕೇಳುವನು. "ಹಿಡದೀನ್ರಿ" ಎನ್ನುವಳು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಆಮೇಲೆ ಫ್ಲೆಕ್ಸ್ ಬಂದು ಅವನ ಕುಂಚ ಒಣಗಿತು. ಹೈಟೆಕ್ ಸಿಟಿ ಕಡೆಯ ಒಂದು ಕಂಪನಿಯಲ್ಲಿ ಕಟ್ಟಡದ ಉಸ್ತುವಾರಿ ನನ್ನದು. ಗೋಡೆಗೆ ಸ್ಟೀಲ್ ಅಕ್ಷರ ಕೂರಿಸುವ ಕೆಲಸ ಅವನಿಗೆ ಕೊಡಿಸಿ, ಮಹಾ ಉಪಕಾರ ಮಾಡಿದವನಂತೆ ಬೀಗಿದೆ. ಗೇಟ್ ಪಾಸ್ ಮಾತ್ರ ಒಂದೇ ಮಾಡಿಸಿದೆ. ಬರೀ ಏಣಿ ಹಿಡಿಯಲು ಇನ್ನೊಬ್ಬರು ಯಾಕೆ ಎಂದು ಗದಿಗೆಮ್ಮನಿಗೆ ಹೇಳಿದವನೂ ನಾನೇ. ಅವಳು ಗೋಣಿತಾಟು ಮಡಚಿ ಕಂಕುಳಲ್ಲಿಟ್ಟುಕೊಂಡು ಕಬ್ಬಿಣದ ಬೇಲಿಯ ಆಚೆ ಬಿಸಿಲಲ್ಲಿ ನಿಂತಳು.

ಒಳಗೆ ಹೊಸದಾಗಿ ಹಾಕಿದ ಹಾಸುಗಲ್ಲು, ಕೆದರುವಂತಿರಲಿಲ್ಲ. ಅಮರೇಶಪ್ಪ ತಗ್ಗಿನ ಕಾಲಿಗೆ ಇಟ್ಟಿಗೆ ಕೊಟ್ಟು ಏರಿದ. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತಿದ್ದೆ. ಹಿಡಿಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಆ ಪೆದ್ದುತನಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಕೊನೆಯ ಅಕ್ಷರ ಸ್ವಲ್ಪ ದೂರವಿತ್ತು. ಅವನು ರೂಢಿಯಂತೆ, ಕೆಳಗೆ ನೋಡದೆ ಕೇಳಿದ.

"ಹಿಡದೀಯೇನ?"

ಬೇಲಿಯಾಚೆಯಿಂದ, ಅಷ್ಟೇ ರೂಢಿಯಂತೆ ಉತ್ತರ ಬಂತು.

"ಹಿಡದೀನ್ರಿ."

ಅವನು ಕೈ ಚಾಚಿದ. ಇಟ್ಟಿಗೆ ಜಾರಿತು.

ಅಮರೇಶಪ್ಪನಿಗೆ ಸೊಂಟದ ಕೆಳಗೆ ಈಗ ಸ್ವಾಧೀನವಿಲ್ಲ. ಎದ್ದು ಓಡಾಡುವ ಆಸೆ ಬಿಡಿ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಗದಿಗೆಮ್ಮ ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ನನಗೆ ಹೇಳಿದ್ದಿಷ್ಟೇ: "ಬೇಲಿ ಸರಳು ಹಿಡಕೊಂಡಿದ್ದೆ ಅಣ್ಣಾರ. ಏಣೀನ ಹಿಡದಂಗ ಅನಿಸ್ತು."

ತಪ್ಪು ನನ್ನದು, ನಿನ್ನದಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಅವಳ ಕಿವಿಗೆ ಬೀಳುವುದಿಲ್ಲ. ಅಮರೇಶಪ್ಪ ಅವಳನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ.

ಬೆಳಿಗ್ಗೆ ಅವನನ್ನು ಎತ್ತಿ ಕೂರಿಸಲು ನಾನೂ ಹೋಗುತ್ತೇನೆ. ಅವಳು ಬೆನ್ನ ಹಿಂದಿನಿಂದ ಎರಡೂ ತೋಳಲ್ಲಿ ತಬ್ಬಿ ಎತ್ತುವಾಗ ಅವನು ಹೆದರಿ ಅದೇ ಮಾತು ಕೇಳುತ್ತಾನೆ. ಗಟ್ಟಿಯಾಗಿಯೇ ಹಿಡಿದಿರುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ. ಅವನು ಮತ್ತೆ ಕೇಳುತ್ತಾನೆ. ಹಿಡಿದಿದ್ದಾಳೆ ಎಂದು ನಾನು ಹೇಳಿದರೆ ನಂಬುವುದಿಲ್ಲ.