ತುಕ್ಕಿಗೆ ಹಚ್ಚಿದ ಚಿನ್ನ

ತೋನ್‌ಬುರಿಯ ಗಲ್ಲಿಯಲ್ಲಿ ಚಿನ್ನವನ್ನು ಬಡಿದು ತೆಳು ರೇಕು ಮಾಡುವ ತವಿನ್‌ಗೆ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಅವನ ಪಾಲಿಗೆ ಯಂತ್ರದ ರೇಕು ಮಾರುವವರು ಕಳ್ಳರು, ಅದನ್ನು ಕೊಂಡು ಬುದ್ಧನ ಮೂರ್ತಿಗೆ ಅಂಟಿಸುವವರು ಕುರುಡರು. ಸುತ್ತಿಗೆ ಎತ್ತಿ ಎತ್ತಿ ಬಲಭುಜ ದಪ್ಪವಾಗಿತ್ತು. ಅದರ ಜೊತೆ ಅಹಂಕಾರವೂ.

ತಮ್ಮನ ಮಗಳು ಪಿಯರತ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಗಾಜಿನ ಫಲಕದ ಮೇಲೆ ಕಬ್ಬಿಣದ ತುಕ್ಕನ್ನು ತೆಳ್ಳಗೆ ಕೂರಿಸಿ, ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣ ಹರಡಿ ಸುಟ್ಟಿದ್ದಳು. ನೀರಲ್ಲಿಟ್ಟು, ಬ್ಯಾಟರಿಯಿಂದ ಸ್ವಲ್ಪ ವಿದ್ಯುತ್ತಿನ ಆಸರೆ ಕೊಟ್ಟು ಬಿಸಿಲಿಗೆ ಹಿಡಿದರೆ ನೀರು ಒಡೆದು ಗುಳ್ಳೆ ಏಳುತ್ತಿತ್ತು. ಬೆಳಕನ್ನು ಹಿಡಿದು ತುಕ್ಕಿಗೆ ದಾಟಿಸುವುದು ಆ ಕಣಗಳ ಕೆಲಸ. ಮಾರನೇ ದಿನ ಪರೀಕ್ಷಕರ ಮುಂದೆ ಗುಳ್ಳೆ ಎದ್ದರೆ ಪದವಿ. ಇದ್ದದ್ದು ಅದೊಂದೇ ಫಲಕ. ಕೊನೆಯ ಸಲ ನೋಡಿಕೊಳ್ಳಲು ದೊಡ್ಡಪ್ಪನ ಅಂಗಳದ ಬಿಸಿಲಿಗೆ ತಂದಿದ್ದಳು.

"ಇದ್ರಲ್ಲಿ ಚಿನ್ನ ಎಲ್ಲೇ? ಸೊಳ್ಳೆ ಉಚ್ಚೆ ಹೊಯ್ದಂಗಿದೆ" ಎಂದ ತವಿನ್.

"ಇದೆ ದೊಡ್ಡಪ್ಪ. ನಿಮ್ ಕಣ್ಣಿಗೆ ಕಾಣಲ್ಲ."

"ನನ್ ಕಣ್ಣಿಗೆ ಕಾಣ್ದಿರೋ ಚಿನ್ನ ಇನ್ನೂ ಹುಟ್ಟಿಲ್ಲ."

ಅವಳು ಊಟಕ್ಕೆ ಒಳಗೆ ಹೋದಳು. ತಮ್ಮನ ಮಗಳು ಚಿನ್ನಕ್ಕೆ ಕೈ ಬಿಗಿಹಿಡಿದ ಜಿಪುಣಿಯಂತೆ ನಾಲ್ಕು ಜನರ ಮುಂದೆ ನಿಲ್ಲುವುದನ್ನು ತವಿನ್‌ಗೆ ಸಹಿಸಲಾಗಲಿಲ್ಲ. ತನ್ನ ಅತ್ಯುತ್ತಮ ರೇಕು ತಂದು, ಫಲಕ ಒರೆಸಿ, ಉಸಿರು ಬಿಗಿಹಿಡಿದು ಮೂಲೆಯಿಂದ ಮೂಲೆಗೆ ಅಂಟಿಸಿದ. ಥಳಥಳ ಹೊಳೆಯಿತು. ನೀರಿಗೆ ಇಳಿಸಿದ. ಒಂದು ಗುಳ್ಳೆಯೂ ಏಳಲಿಲ್ಲ.

ತವಿನ್ ಬ್ಯಾಟರಿಗೆ ಬೈದ, ಮೋಡವಿಲ್ಲದ ಆಕಾಶಕ್ಕೆ ಬೈದ, ಇಂಥದ್ದನ್ನು ಕಲಿಸುವ ಮೇಷ್ಟ್ರುಗಳಿಗೆ ಬೈದ. ಗದ್ದಲ ಕೇಳಿ ಪಿಯರತ್ ಎಂಜಲು ಕೈಯಲ್ಲೇ ಓಡಿಬಂದಳು. ನೋಡಿದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಹೊದಿಸ್ಬಿಟ್ರಲ್ಲ ದೊಡ್ಡಪ್ಪ. ಬಿಸಿಲು ಎಲ್ಲಿಂದ ಒಳಗೆ ಹೋಗ್ಬೇಕು?"

ಸುಟ್ಟು ಕೂರಿಸಿದ ಕಣ ಒರೆಸಿದರೆ ಹೋಗುವುದಿಲ್ಲ, ರೇಕು ಹೋದೀತು, ಆದರೆ ಹಚ್ಚಿದವರೇ ತೆಗೆಯಬೇಕು ಎಂದಳು. ಹಾಗಾಗಿ ತವಿನ್‌ನೇ ಒದ್ದೆ ಹತ್ತಿ ಹಿಡಿದು ಕೂರಬೇಕಾಯಿತು. ಹಚ್ಚುವುದಷ್ಟೇ ಗೊತ್ತಿದ್ದ ಕೈ, ಮಗುವಿನ ಮೂಗು ಒರೆಸಿದ ಹಾಗೆ ತನ್ನದೇ ರೇಕನ್ನು ಒರೆಸಿತು. ಫಲಕ ಮತ್ತೆ ಕೊಳಕು ಕೆಂಪಾಯಿತು. ನೀರಿಗಿಟ್ಟಾಗ ಮೊದಲು ಒಂದು ಗುಳ್ಳೆ, ಆಮೇಲೆ ಸಾಲು ಸಾಲು.

"ಭಿಕಾರಿ ತುಕ್ಕು. ಕೊಟ್ರೂ ಉಡೋ ಯೋಗ್ಯತೆ ಇಲ್ಲ" ಎಂದು ತವಿನ್ ಅಂಟಿದ ಚಿನ್ನವನ್ನು ಆಮೇಲೆ ಕರಗಿಸಿ ತೆಗೆಯಲು ಹತ್ತಿಯನ್ನು ಜೇಬಿಗಿಟ್ಟುಕೊಂಡ.

ಪಿಯರತ್‌ಗೆ ಪದವಿ ಸಿಕ್ಕಿತು. ಮುಂದಿನ ಉಪೋಸಥದಂದು, ಬೌದ್ಧರ ವ್ರತದ ದಿನ, ದೇವಸ್ಥಾನದಲ್ಲಿ ಹೆಂಗಸರು ಬುದ್ಧನ ಕಣ್ಣು ಮೂಗು ಕಾಣದಂತೆ ರೇಕು ಮೆತ್ತುತ್ತಿದ್ದರು. ತವಿನ್ ಹೋಗಿ ನಡುವೆ ನಿಂತ.

"ಅಷ್ಟಿಷ್ಟು ಜಾಗ ಬಿಡ್ರೇ. ಅವನಿಗೂ ಬಿಸಿಲು ಬೇಡ್ವಾ?"

ಅವತ್ತು ಅವನು ಮಾರಲು ತಂದ ರೇಕಿನಲ್ಲಿ ಅರ್ಧ ಹಾಗೇ ಉಳಿಯಿತು. ಅದಕ್ಕೂ ಆ ಹೆಂಗಸರಿಗೇ ಬೈದ.